ಡಿಶ್‌ಗೂ ಮೊಬೈಲ್‌ಗೂ ಕೂಡಿಬಾರದ ಕಂಕಣ

ಅಮೆರಿಕದ ಉಪಗ್ರಹ ಟಿ.ವಿ. ಕಂಪೆನಿ ಡಿಶ್ ನೆಟ್‌ವರ್ಕ್, ಆ ದೇಶದ ಮೂರನೆಯ ದೊಡ್ಡ ಮೊಬೈಲ್ ಕಂಪೆನಿಯಾಗಿದ್ದ ಸ್ಪ್ರಿಂಟನ್ನು ಕೊಳ್ಳಲು 2,550 ಕೋಟಿ ಡಾಲರ್ ಕೊಡಲು ಸಿದ್ಧ ಎಂದು 2013ರ ಏಪ್ರಿಲ್ 15ರಂದು ಸಾರಿತು. ವ್ಯಾಪಾರಿ ವಲಯಕ್ಕೆ ಇದು ಅನಿರೀಕ್ಷಿತ. ಡಿಶ್‌ನ ಷೇರುಗಳ ಒಟ್ಟು ಬೆಲೆಯೇ ಅಷ್ಟಿರಲಿಲ್ಲ. ಅದೂ ಹೋಗಲಿ, ಮನೆಯ ಮಾಡಿನ ಮೇಲೆ ತಟ್ಟೆ ಕೂರಿಸಿ ಸಿನಿಮಾ, ಫುಟ್‌ಬಾಲ್ ತೋರಿಸುವ ಕಂಪೆನಿಗೆ ಮೊಬೈಲ್ ಕಂಪೆನಿಯೊಂದು ಏತಕ್ಕೆ? (ನಮ್ಮಲ್ಲಿನ ಡಿಶ್ ಟಿ.ವಿ.ಗೂ ಈ ಕಂಪೆನಿಗೂ ಸಂಬಂಧವಿಲ್ಲ, ಹೆಸರಷ್ಟೇ ಒಂದೇ.)

ಡಿಶ್ ಕೊಟ್ಟ ಕಾರಣ ಸರಳವಾಗಿತ್ತು. ಜನರಿಗೆ ಟಿ.ವಿ., ಅಂತರ್ಜಾಲ, ಫೋನು ಮೂರೂ ಒಂದೇ ಕಡೆ ಸಿಗಬೇಕು. ಮನೆಯೊಳಗೂ ಸಿಗಬೇಕು, ಬೀದಿಯಲ್ಲೂ ಸಿಗಬೇಕು. ಮಾತು ಸುಳ್ಳಲ್ಲ. ಆದರೆ ಈ ಸಂಬಂಧದಲ್ಲಿ ಎರಡು ಕಡೆಯವರ ಕಣ್ಣೂ ಟಿ.ವಿ.ಯ ಮೇಲೆ ಇರಲಿಲ್ಲ, ಫೋನಿನ ಮೇಲೂ ಇರಲಿಲ್ಲ. ಕಣ್ಣಿಗೆ ಕಾಣದ, ಕೈಗೆ ಸಿಗದ, ಯಾರೂ ತಯಾರಿಸದ ಒಂದು ಆಸ್ತಿಯ ಮೇಲಿತ್ತು. ಅದೇ ತರಂಗಾಂತರ. ಈ ಆಸ್ತಿ ಹೇಗೆ ಹುಟ್ಟಿತು, ಹೇಗೆ ಕೈ ಬದಲಾಯಿಸಿತು ಎಂಬುದು ತಿಳಿಯದೆ ಡಿಶ್‌ನ ಕತೆ ಅರ್ಥವಾಗುವುದಿಲ್ಲ.

ಮೊದಲು ಡಿಶ್‌ನ ಮಾಲೀಕನ ವಿಷಯ. ಚಾರ್ಲಿ ಎರ್ಗನ್ ಹುಟ್ಟಿದ್ದು ಟೆನೆಸಿಯ ಓಕ್ ರಿಜ್‌ನಲ್ಲಿ. ಚಿಪ್ಸ್ ಮಾರುವ ಕಂಪೆನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಬಿಟ್ಟು ಕೆಲಕಾಲ ಇಸ್ಪೀಟೆಲೆಗಳ ಹಿಂದೆ ಹೋದವರು. ಎಲೆಗಳ ಲೆಕ್ಕ ಮನಸ್ಸಿನಲ್ಲೇ ಇಟ್ಟು ಆಡುತ್ತಾರೆಂದು ಜೂಜುಕಟ್ಟೆಯೊಂದು ಅವರನ್ನೂ ಗೆಳೆಯ ಜಿಮ್ ಡಿಫ್ರಾಂಕೊ ಅವರನ್ನೂ ಹೊರಗೆ ಕಳಿಸಿತು ಎಂಬ ಕತೆ ಪ್ರಸಿದ್ಧ. 1980ರಲ್ಲಿ ಈ ಇಬ್ಬರು ಮತ್ತು ಎರ್ಗನ್‌ರ ಪತ್ನಿ ಕ್ಯಾಂಡಿ ಸೇರಿ ಕೊಲೊರಾಡೊ ರಾಜ್ಯದಲ್ಲಿ ದೊಡ್ಡ ಡಿಶ್ ಆಂಟೆನಾಗಳನ್ನು ಹಳ್ಳಿಗರಿಗೆ ಮಾರಲು ತೊಡಗಿದರು. ಆರಂಭದ ಬಂಡವಾಳ ಎರಡೇ ಎರಡು ಆಂಟೆನಾ. ಅದರಲ್ಲೂ ಒಂದು ಸಾಗಿಸುವ ದಾರಿಯಲ್ಲೇ ಬಿದ್ದು ಹಾಳಾಯಿತೆಂದು ಹೇಳುತ್ತಾರೆ.

ಕೇಬಲ್ ಎಳೆಯುವವರು ಪಟ್ಟಣ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೊಲದ ನಡುವಿನ ಒಂಟಿ ಮನೆಗೆ ಅಷ್ಟು ದೂರ ತಂತಿ ಎಳೆದರೆ ಗಿಟ್ಟುವುದಿಲ್ಲ. ಆಕಾಶದಿಂದ ಇಳಿಯುವ ಚಿತ್ರಕ್ಕೆ ಆ ತೊಂದರೆ ಇಲ್ಲ. ಎರ್ಗನ್ 1995ರ ಡಿಸೆಂಬರಿನಲ್ಲಿ ಚೀನಾದ ಶಿಚಾಂಗ್ ನೆಲೆಯಿಂದ ಲಾಂಗ್ ಮಾರ್ಚ್ ರಾಕೆಟ್‌ನಲ್ಲಿ ತಮ್ಮ ಮೊದಲ ಉಪಗ್ರಹ ಎಕೋಸ್ಟಾರ್-1 ಅನ್ನು ಹಾರಿಸಿದರು. ಅದೇ ವರ್ಷದ ಜನವರಿಯಲ್ಲಿ ಅದೇ ಬಗೆಯ ರಾಕೆಟ್ ಸಿಡಿದುಹೋಗಿತ್ತು. ಜೂಜಿನ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ! ಮರುವರ್ಷ ಡಿಶ್ ನೆಟ್‌ವರ್ಕ್ ಪ್ರಸಾರ ಆರಂಭಿಸಿತು. ಪ್ರತಿಸ್ಪರ್ಧಿ ಡೈರೆಕ್‌ಟಿವಿ ಎರಡು ವರ್ಷ ಮೊದಲೇ, 1994ರಲ್ಲಿ, ಬಂದಿತ್ತು.

ಉಪಗ್ರಹ ಟಿ.ವಿ.ಗೆ ಹುಟ್ಟಿನಿಂದಲೇ ಒಂದು ಊನವುಂಟು. ಇಂಥ ಉಪಗ್ರಹ ನಿಲ್ಲುವುದು ಭೂಮಿಯಿಂದ ಸುಮಾರು 36 ಸಾವಿರ ಕಿ.ಮೀ. ಮೇಲೆ, ಹಾಸನದ ಕೇಂದ್ರದಿಂದ ನಿಯಂತ್ರಿಸುವ ನಮ್ಮ ಇನ್ಸಾಟ್ ಉಪಗ್ರಹಗಳು ಇರುವುದೂ ಅದೇ ಎತ್ತರದಲ್ಲಿ. ಅಲ್ಲಿಂದ ಇಳಿಯುವ ಪ್ರಸಾರ ಜಾತ್ರೆಯ ಧ್ವನಿವರ್ಧಕದಂತೆ: ಎಲ್ಲರಿಗೂ ಒಂದೇ ಮಾತು ಕೇಳಿಸುತ್ತದೆ, ಯಾರ ಉತ್ತರವನ್ನೂ ಅದು ಕೇಳಿಸಿಕೊಳ್ಳುವುದಿಲ್ಲ. ಅಂತರ್ಜಾಲವೆಂದರೆ ಪ್ರತಿಯೊಬ್ಬನೂ ತನಗೆ ಬೇಕಾದದ್ದನ್ನು ಕೇಳುವುದು, ಅವನಿಗೆ ಮಾತ್ರ ಉತ್ತರ ಬರುವುದು. ಅಷ್ಟು ಎತ್ತರದ ಉಪಗ್ರಹದ ಮೂಲಕ ಕೇಳಿಕೆ ಹೋಗಿ ಉತ್ತರ ಬರಬೇಕಾದರೆ ನಾಲ್ಕು ಬಾರಿ 36 ಸಾವಿರ ಕಿ.ಮೀ. ದಾಟಬೇಕು. ಬೆಳಕಿನ ವೇಗದಲ್ಲಿ ಹೋದರೂ ಅರ್ಧ ಸೆಕೆಂಡು ಹಿಡಿಯುತ್ತದೆ. ಕೇಬಲ್‌ನವರಿಗೆ ಮನೆಯವರೆಗೆ ತಂತಿ ಇತ್ತು. ಅದರಲ್ಲೇ ಅಂತರ್ಜಾಲ ಕೊಟ್ಟರು. 2007ರಲ್ಲಿ ನೆಟ್‌ಫ್ಲಿಕ್ಸ್ ಅಂತರ್ಜಾಲದಲ್ಲೇ ಸಿನಿಮಾ ತೋರಿಸತೊಡಗಿದ ಮೇಲೆ ಮಾಡಿನ ತಟ್ಟೆಯ ಭವಿಷ್ಯ ಏನೆಂಬುದು ಲೆಕ್ಕ ಬಲ್ಲವರಿಗೆ ಗೊತ್ತಾಗಿತ್ತು.

ಅದಕ್ಕೂ ಮೊದಲು ಎರ್ಗನ್ ಡೈರೆಕ್‌ಟಿವಿಯನ್ನೇ ಕೊಳ್ಳಲು ಹೊರಟಿದ್ದರು. ಎರಡೂ ಒಂದಾದರೆ ಕೇಬಲ್ ಇಲ್ಲದ ಹಳ್ಳಿಗಳಲ್ಲಿ ಗಿರಾಕಿಗೆ ಆಯ್ಕೆಯೇ ಇರುವುದಿಲ್ಲ ಎಂದು ಎಫ್‌ಸಿಸಿ, ಅಂದರೆ ಅಮೆರಿಕದ ಸಂಪರ್ಕ ಆಯೋಗ, 2002ರ ಅಕ್ಟೋಬರಿನಲ್ಲಿ ಒಪ್ಪಿಗೆ ನಿರಾಕರಿಸಿತು. ಮುರಿದ ಒಪ್ಪಂದಕ್ಕೆ ದಂಡವಾಗಿ 60 ಕೋಟಿ ಡಾಲರ್ ತೆರಬೇಕಾಯಿತು. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ನೆಲದ ಮೇಲಿನ ಗೋಪುರಗಳ ದಾರಿ.

ಇನ್ನು ತರಂಗಾಂತರದ ಕತೆಗೆ ಬರೋಣ. ರೇಡಿಯೊ ಅಲೆಗಳಿಗೆ ಪರವಾನಗಿ ಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1912ರಲ್ಲಿ, ಟೈಟಾನಿಕ್ ಮುಳುಗಿದ ಕೆಲವೇ ತಿಂಗಳಲ್ಲಿ. ಒಂದೇ ಅಲೆಯಲ್ಲಿ ಇಬ್ಬರು ಮಾತಾಡಿದರೆ ಯಾರ ಮಾತೂ ತಿಳಿಯುವುದಿಲ್ಲ. ಆದ್ದರಿಂದ ಯಾರಿಗೆ ಯಾವುದು ಎಂದು ಹಂಚಲು ಸರ್ಕಾರ ಬೇಕು. ಹಂಚುವುದು ಹೇಗೆ? ಬಹುಕಾಲ ಅರ್ಜಿ ಹಿಡಿದು, ವಿಚಾರಣೆ ನಡೆಸಿ, ಯೋಗ್ಯರೆನಿಸಿದವರಿಗೆ ಪುಕ್ಕಟೆಯಾಗಿ ಕೊಡುತ್ತಿದ್ದರು. ಇದನ್ನು ಮಾರಬಾರದೇಕೆ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲಿ ಕೇಳಿದಾಗ ಅಧಿಕಾರಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1980ರ ದಶಕದಲ್ಲಿ ಮೊಬೈಲ್ ಪರವಾನಗಿಗೆ ಲಕ್ಷಾಂತರ ಅರ್ಜಿ ಬಂದು ರಾಶಿಬಿದ್ದಾಗ ಲಾಟರಿ ಎತ್ತಿದರು. ಕೇಪ್ ಕಾಡ್ ಎಂಬ ಕಡಲತಡಿಯ ಪ್ರದೇಶದ ಪರವಾನಗಿ 1989ರಲ್ಲಿ ದಂತವೈದ್ಯರ ಗುಂಪೊಂದಕ್ಕೆ ಹತ್ತಿತು. ಅವರು ಒಂದು ಗೋಪುರವನ್ನೂ ನೆಡದೆ ಅದನ್ನು ಫೋನ್ ಕಂಪೆನಿಗೆ 4 ಕೋಟಿ 10 ಲಕ್ಷ ಡಾಲರಿಗೆ ಮಾರಿದರು. ಸರ್ಕಾರಕ್ಕೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ. ಆಮೇಲೆ ಕಣ್ಣು ತೆರೆಯಿತು. 1994ರ ಜುಲೈನಲ್ಲಿ ಮೊದಲ ಹರಾಜು ನಡೆಯಿತು.

ಆಕಾಶದ ಅಲೆಗಳು ಸಾರ್ವಜನಿಕ ಆಸ್ತಿ ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಸಾರ್ವಜನಿಕ ಕೆರೆಯನ್ನು ಒಬ್ಬನಿಗೆ ಗುತ್ತಿಗೆ ಕೊಟ್ಟ ಮೇಲೆ ಅವನು ಮೀನನ್ನೂ ಸಾಕದೆ, ನೀರನ್ನೂ ಬಿಡದೆ ಕೂತರೆ ಏನು ಮಾಡಬೇಕು? ಹರಾಜಿನಿಂದ ಬೊಕ್ಕಸ ತುಂಬಿತು ನಿಜ. ಈ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಎರ್ಗನ್ 2008ರಲ್ಲಿ ಸುಮಾರು 71 ಕೋಟಿ ಡಾಲರಿಗೆ ಒಂದು ತುಂಡು ತರಂಗಾಂತರ ಹಿಡಿದರು. 2011ರಲ್ಲಿ ಅವರ ಕಣ್ಣು ದಿವಾಳಿಯೆದ್ದಿದ್ದ ಎರಡು ಉಪಗ್ರಹ ಫೋನ್ ಕಂಪೆನಿಗಳ ಮೇಲೆ ಬಿತ್ತು. ಡಿಬಿಎಸ್‌ಡಿ ಮತ್ತು ಟೆರೆಸ್ಟಾರ್ ಎಂಬ ಇವೆರಡಕ್ಕೂ ಸೇರಿ ತೆತ್ತದ್ದು ಸುಮಾರು 280 ಕೋಟಿ ಡಾಲರ್. ಟೆರೆಸ್ಟಾರ್ ತನ್ನ ಉಪಗ್ರಹಕ್ಕೆ 18 ಮೀಟರ್ ಅಗಲದ ಆಂಟೆನಾ ಬಿಚ್ಚಿಸಿತ್ತು. ಸಾಮಾನ್ಯ ಗಾತ್ರದ ಫೋನಿನೊಡನೆ ನೇರ ಮಾತಾಡುವ ಆಸೆ. ಗಿರಾಕಿಗಳೇ ಬರಲಿಲ್ಲ. ಎರ್ಗನ್‌ಗೆ ಬೇಕಾಗಿದ್ದದ್ದು ಉಪಗ್ರಹವಲ್ಲ, ಅದಕ್ಕೆ ಮೀಸಲಾದ ಅಲೆಗಳು. ಉಪಗ್ರಹಕ್ಕೆ ಮೀಸಲಾದ್ದರಿಂದಲೇ ಅವು ಅಗ್ಗವಾಗಿದ್ದವು. ಅವನ್ನು ನೆಲದ ಗೋಪುರಗಳಿಗೂ ಬಳಸಲು 2012ರ ಡಿಸೆಂಬರಿನಲ್ಲಿ ಆಯೋಗ ಅನುಮತಿ ಕೊಟ್ಟಿತು. ಹೊಲವನ್ನು ಹೊಲದ ಬೆಲೆಗೆ ಕೊಂಡು ಭೂಪರಿವರ್ತನೆ ಮಾಡಿಸಿ ನಿವೇಶನವಾಗಿಸುವ ಚಾತುರ್ಯವನ್ನು ಬೆಂಗಳೂರಿನ ಸುತ್ತಮುತ್ತಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಷರತ್ತಿತ್ತು: ನಾಲ್ಕು ವರ್ಷದಲ್ಲಿ 40 ಪಾಲು, ಏಳು ವರ್ಷದಲ್ಲಿ 70 ಪಾಲು ಜನರಿಗೆ ತಲುಪುವಂತೆ ಜಾಲ ಕಟ್ಟಬೇಕು.

ಜಾಲ ಕಟ್ಟಲು ಗೋಪುರ ಬೇಕು, ಗೋಪುರ ಇದ್ದದ್ದು ಸ್ಪ್ರಿಂಟ್ ಬಳಿ. ಸದರ್ನ್ ಪೆಸಿಫಿಕ್ ರೈಲ್ವೆ ಹಳಿಗಳ ಪಕ್ಕದಲ್ಲಿ ತನ್ನ ಬಳಕೆಗೆಂದು ಹಾಕಿಕೊಂಡ ಸಂಪರ್ಕ ಜಾಲದಿಂದ ಹುಟ್ಟಿದ ಹೆಸರು ಸ್ಪ್ರಿಂಟ್. 2005ರಲ್ಲಿ ನೆಕ್ಸ್‌ಟೆಲ್ ಕಂಪೆನಿಯೊಡನೆ ಮಾಡಿಕೊಂಡ ವಿಲೀನ ಅದನ್ನು ಹಣ್ಣುಮಾಡಿತ್ತು. ಜಪಾನಿನ ಸಾಫ್ಟ್‌ಬ್ಯಾಂಕ್‌ನ ಮಸಾಯೋಶಿ ಸೊನ್ 2012ರ ಅಕ್ಟೋಬರಿನಲ್ಲೇ ಅದರ 70 ಪಾಲನ್ನು 2,010 ಕೋಟಿ ಡಾಲರಿಗೆ ಮಾತಾಡಿ ಮುಗಿಸಿದ್ದರು. ನಿಶ್ಚಿತಾರ್ಥವಾದ ಮನೆಗೆ ಹೆಚ್ಚು ತೆರ ಹಿಡಿದು ಬಂದವರು ಎರ್ಗನ್. ಸಾಫ್ಟ್‌ಬ್ಯಾಂಕ್ ವಿದೇಶಿ, ದೇಶದ ಸುರಕ್ಷತೆಗೆ ಅಪಾಯ ಎಂಬ ಪ್ರಚಾರವನ್ನೂ ಡಿಶ್ ನಡೆಸಿತು; ಹುವಾವೆ ಕಂಪೆನಿಯ ಚೀನೀ ಉಪಕರಣಗಳನ್ನು ಕಿತ್ತುಹಾಕುವುದಾಗಿ ಎದುರಾಳಿಗಳು ಸರ್ಕಾರಕ್ಕೆ ಮಾತು ಕೊಡಬೇಕಾಯಿತು. ಮೊದಲ ಉಪಗ್ರಹವನ್ನು ಚೀನೀ ರಾಕೆಟ್ಟಿನಲ್ಲೇ ಹಾರಿಸಿದವರ ಬಾಯಲ್ಲಿ ಈ ವಾದ ಕೊಂಚ ತಮಾಷೆಯಾಗಿ ಕೇಳಿಸುತ್ತದೆ. ಸೊನ್ ಜೂನ್‌ನಲ್ಲಿ ತಮ್ಮ ಬೆಲೆಯನ್ನು 2,160 ಕೋಟಿಗೆ ಏರಿಸಿದರು. ಡಿಶ್ ಹಿಂದೆ ಸರಿಯಿತು. ಜುಲೈನಲ್ಲಿ ಸ್ಪ್ರಿಂಟ್ ಜಪಾನಿನವರದಾಯಿತು.

2015ರ ಜೂನ್‌ನಲ್ಲಿ ಟಿ-ಮೊಬೈಲ್ ಕಂಪೆನಿಯೊಡನೆ ಡಿಶ್ ಮಾತುಕತೆ ನಡೆಸುತ್ತಿದೆ ಎಂಬ ಸುದ್ದಿ ಬಂತು. ಎರ್ಗನ್ ಅಧ್ಯಕ್ಷರಂತೆ, ಟಿ-ಮೊಬೈಲ್‌ನ ಜಾನ್ ಲೆಜರ್ ಮುಖ್ಯಾಧಿಕಾರಿಯಂತೆ ಎಂಬವರೆಗೂ ಪತ್ರಿಕೆಗಳು ಬರೆದವು. ಅದೂ ಬೆಲೆಯ ಬಳಿ ಬಂದು ನಿಂತುಹೋಯಿತು. ಆ ವರ್ಷಾರಂಭದ ಹರಾಜಿನಲ್ಲಿ ಡಿಶ್ ಹಣ ಹೂಡಿದ್ದ ಎರಡು ಕಂಪೆನಿಗಳು ತಾವು ಸಣ್ಣ ಉದ್ಯಮಗಳೆಂದು ಹೇಳಿ 330 ಕೋಟಿ ಡಾಲರ್ ರಿಯಾಯಿತಿ ಕೇಳಿದ್ದವು. ಆಯೋಗ ಕೊಡಲಿಲ್ಲ, ಸರಿಯಾಗಿಯೇ ಮಾಡಿತು.

ಇಂಥ ಮದುವೆ ನಡೆದದ್ದೂ ಉಂಟು. ಎಟಿ ಅಂಡ್ ಟಿ 2015ರ ಜುಲೈನಲ್ಲಿ ಡೈರೆಕ್‌ಟಿವಿಯನ್ನು 4,850 ಕೋಟಿ ಡಾಲರಿಗೆ ಕೊಂಡಿತು. ಜೊತೆಗೆ ಸಾಲವೂ ಬಂತು. ಅಲ್ಲಿ ಕೊಂಡದ್ದು ನಿಜಕ್ಕೂ ಟಿ.ವಿ. ನೋಡುವ ಸುಮಾರು ಎರಡು ಕೋಟಿ ಮನೆಗಳನ್ನು. ಮನೆಗಳು ಒಂದೊಂದಾಗಿ ತಟ್ಟೆ ಇಳಿಸಿದವು. 2021ರಲ್ಲಿ ಆ ವ್ಯವಹಾರವನ್ನು ಬೇರೆ ಮಾಡಿದಾಗ ಕಟ್ಟಿದ ಬೆಲೆ 1,625 ಕೋಟಿ. 2025ರಲ್ಲಿ ಉಳಿದ ಪಾಲನ್ನೂ ಮಾರಿ ಕೈತೊಳೆದುಕೊಂಡರು. ನಮ್ಮಲ್ಲಿ ಏರ್‌ಟೆಲ್ ಮತ್ತು ಟಾಟಾ ಪ್ಲೇ ತಮ್ಮ ಡಿಟಿಎಚ್ ವ್ಯವಹಾರಗಳನ್ನು ಒಂದುಗೂಡಿಸುವ ಮಾತುಕತೆ ಮುರಿದುಬಿದ್ದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ.

ಡಿಶ್‌ಗೆ ಗೋಪುರದ ಯೋಗ ಬೇರೆ ದಾರಿಯಲ್ಲಿ ಬಂತು. ಟಿ-ಮೊಬೈಲ್ ಮತ್ತು ಸ್ಪ್ರಿಂಟ್ ತಾವಿಬ್ಬರೇ ಒಂದಾಗಲು ಹೊರಟಾಗ, ನಾಲ್ಕು ಇದ್ದ ದೇಶವ್ಯಾಪಿ ಮೊಬೈಲ್ ಕಂಪೆನಿಗಳು ಮೂರಾಗುತ್ತವೆಂಬ ಆಕ್ಷೇಪ ಎದ್ದಿತು. ನಾಲ್ಕನೆಯದನ್ನು ಡಿಶ್ ಕಟ್ಟಿಕೊಡಲಿ ಎಂದು ಅಮೆರಿಕದ ನ್ಯಾಯಾಂಗ ಇಲಾಖೆ 2019ರಲ್ಲಿ ತೀರ್ಮಾನಿಸಿತು. ಸ್ಪ್ರಿಂಟ್‌ನ ಬೂಸ್ಟ್ ಎಂಬ ಅಗ್ಗದ ಸೇವೆಯನ್ನು ಡಿಶ್ 2020ರ ಜುಲೈನಲ್ಲಿ 140 ಕೋಟಿ ಡಾಲರಿಗೆ ಪಡೆಯಿತು. ಇವರು ಕಟ್ಟುವುದಿಲ್ಲ, ಕೂತು ಮಾರುತ್ತಾರೆ ಎಂದು ಆಡಿಕೊಂಡವರಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಡಿಶ್ ಕಟ್ಟಿತು: 2023ರ ಜೂನ್ ಹೊತ್ತಿಗೆ 5ಜಿ ಜಾಲ 70 ಪಾಲು ಜನರಿಗೆ ತಲುಪಿತು. ತಲುಪಿದರೂ ಗಿರಾಕಿಗಳು ಹೆಚ್ಚಲಿಲ್ಲ, ಸಾಲ ಹೆಚ್ಚಿತು. ಆ ವರ್ಷದ ಕೊನೆಗೆ ಡಿಶ್ ತನ್ನ ಹಳೆಯ ಒಡನಾಡಿ ಎಕೋಸ್ಟಾರ್‌ನೊಳಗೆ ಸೇರಿತು. ಮರುವರ್ಷ ಡೈರೆಕ್‌ಟಿವಿಯವರು ಡಿಶ್‌ನ ಟಿ.ವಿ. ವ್ಯವಹಾರವನ್ನು ಸಾಲದ ಸಮೇತ ಒಂದೇ ಒಂದು ಡಾಲರಿಗೆ ಕೊಳ್ಳಲು ಒಪ್ಪಿದರು. ಸಾಲಗಾರರು ತಕರಾರು ತೆಗೆದು ಅದೂ ಮುರಿಯಿತು.

2025ರಲ್ಲಿ ಆಯೋಗ, ಎಕೋಸ್ಟಾರ್ ತನ್ನ ಅಲೆಗಳನ್ನು ಸರಿಯಾಗಿ ಬಳಸುತ್ತಿದೆಯೇ ಎಂದು ವಿಚಾರಣೆ ಆರಂಭಿಸಿತು. ದೂರಿನ ಹಿಂದೆ ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಇತ್ತು. ಎರ್ಗನ್ ಎಲೆ ಕೆಳಗಿಟ್ಟರು. ಆಗಸ್ಟ್‌ನಲ್ಲಿ ಒಂದಿಷ್ಟು ತರಂಗಾಂತರವನ್ನು ಎಟಿ ಅಂಡ್ ಟಿಗೆ ಸುಮಾರು 2,300 ಕೋಟಿ ಡಾಲರಿಗೆ ಮಾರಲು ಒಪ್ಪಂದವಾಯಿತು. ಸೆಪ್ಟೆಂಬರಿನಲ್ಲಿ ಸ್ಪೇಸ್‌ಎಕ್ಸ್ ಜೊತೆಗೆ 1,700 ಕೋಟಿ ಡಾಲರಿನ ಒಪ್ಪಂದ. ಈ ಎರಡನೆಯದರಲ್ಲಿ ಇದ್ದದ್ದು, 2014ರ ಹರಾಜಿನಲ್ಲಿ 156 ಕೋಟಿಗೆ ಹಿಡಿದ ಒಂದು ತುಂಡಿನ ಜೊತೆಗೆ, ದಿವಾಳಿಯಾದ ಆ ಎರಡು ಕಂಪೆನಿಗಳಿಂದ 280 ಕೋಟಿಗೆ ಕೊಂಡ ಅಲೆಗಳೇ. ಸ್ಪೇಸ್‌ಎಕ್ಸ್‌ಗೆ ಅವು ಬೇಕಾದದ್ದು ಕೆಳಮಟ್ಟದಲ್ಲಿ ಸುತ್ತುವ ಉಪಗ್ರಹಗಳಿಂದ ಜೇಬಿನ ಫೋನಿಗೆ ನೇರ ಸಂಪರ್ಕ ಕೊಡಲು; ಟೆರೆಸ್ಟಾರ್‌ನವರು ಕೈಸುಟ್ಟುಕೊಂಡದ್ದು ಇದೇ ಕೆಲಸಕ್ಕೆ. ಬೂಸ್ಟ್ ಗಿರಾಕಿಗಳ ಕರೆಗಳನ್ನು ಮುಖ್ಯವಾಗಿ ಎಟಿ ಅಂಡ್ ಟಿಯ ಗೋಪುರಗಳೇ ಹೊರಬೇಕು ಎಂಬುದೂ ಆಗಸ್ಟ್ ಒಪ್ಪಂದದಲ್ಲಿ ಸೇರಿತ್ತು. ಸ್ವಂತ ಜಾಲವುಳ್ಳ ದೇಶವ್ಯಾಪಿ ಕಂಪೆನಿಗಳು ಅಲ್ಲಿಗೆ ಮತ್ತೆ ಮೂರಕ್ಕೆ ಇಳಿದವು.