ಕಪಾಟಿನ ದಾರಿ ತೋರಿಸಿದರೆ ಸಾಕೆ?

ಕಾಲೇಜಿಗೆ ಹೊಸದಾಗಿ ಸೇರಿದವರನ್ನು ಒಂದು ದಿನ ಗ್ರಂಥಾಲಯಕ್ಕೆ ಕರೆದೊಯ್ದು ಸೂಚಿ, ವರ್ಗಸಂಖ್ಯೆ, ಕಪಾಟುಗಳ ಪರಿಚಯ ಮಾಡಿಸುವ ಪದ್ಧತಿ ಹಳೆಯದು. ಸೂಚಿಯ ಕಾರ್ಡುಗಳ ಜಾಗಕ್ಕೆ ಈಗ ಗಣಕಯಂತ್ರ ಬಂದಿದೆ, ಅಷ್ಟೆ. ಈ ಪಾಠದಿಂದ ವಿದ್ಯಾರ್ಥಿಗೆ ನಿಜವಾಗಿ ಏನು ಲಾಭ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಗ್ರಂಥಪಾಲಕಿ ಪೆಟ್ರೀಷಿಯಾ ನ್ಯಾಪ್ ಪ್ರಮುಖರು.

ಇಲಿನಾಯ್ ರಾಜ್ಯದ ನಾಕ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಯಾವ ಪಾಠಕ್ಕಾಗಿ ಎಷ್ಟು ಪುಸ್ತಕ ಒಯ್ಯುತ್ತಾರೆಂದು ನ್ಯಾಪ್ ಲೆಕ್ಕ ಹಾಕಿದರು. 1959ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿದುಬಂದ ಸಂಗತಿ ಕುತೂಹಲಕರ. ಎರವಲು ಹೋದ ಪುಸ್ತಕಗಳ ಬಹುಪಾಲು ಕೆಲವೇ ಕೋರ್ಸುಗಳಿಗೆ ಸೇರಿದ್ದವು. ಉಳಿದವುಗಳಲ್ಲಿ ಗ್ರಂಥಾಲಯದ ಅಗತ್ಯವೇ ಅಷ್ಟಾಗಿ ಬೀಳುತ್ತಿರಲಿಲ್ಲ. ಎಂದರೆ, ವಿದ್ಯಾರ್ಥಿ ಓದುವುದೂ ಬಿಡುವುದೂ ಅಧ್ಯಾಪಕರು ಕೊಡುವ ಕೆಲಸವನ್ನು ಅವಲಂಬಿಸಿತ್ತು.

ಮುಂದೆ ಅವರು ಡೆಟ್ರಾಯಿಟ್ ನಗರದ ವೇನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಮಾಂಟೀತ್ ಕಾಲೇಜಿನಲ್ಲಿ ಪ್ರಯೋಗ ನಡೆಸಿದರು. ಗ್ರಂಥಪಾಲಕರೂ ಅಧ್ಯಾಪಕರೂ ಒಟ್ಟಿಗೆ ಕುಳಿತು ಅಭ್ಯಾಸಗಳನ್ನು ರೂಪಿಸಬೇಕು. ಗ್ರಂಥಾಲಯದ ಪಾಠ ಕೋರ್ಸಿನ ಒಳಗೇ ಬೆರೆಯಬೇಕು ಎಂಬುದು ಅದರ ತಿರುಳು. 1966ರಲ್ಲಿ ವರದಿ ಹೊರಬಂತು. ಪುಸ್ತಕ ಹುಡುಕುವ ಕೌಶಲ ಒಂದೇ ದಿನದಲ್ಲಿ ಬರುವಂಥದಲ್ಲ, ಅದು ವರ್ಷದಿಂದ ವರ್ಷಕ್ಕೆ ಬಲಿಯಬೇಕು ಎಂಬುದು ನ್ಯಾಪ್ ಅವರ ನಿಲುವು. ಇಂಡಿಯಾನಾದ ಅರ್ಲಮ್ ಕಾಲೇಜಿನಲ್ಲಿ 1962ರಿಂದ ಗ್ರಂಥಪಾಲಕರಾಗಿದ್ದ ಇವಾನ್ ಫಾರ್ಬರ್ ಇಂಥ ಬೋಧನೆಯನ್ನು ದಶಕಗಳ ಕಾಲ ನಡೆಸಿ ತೋರಿಸಿದರು. ವಿದ್ಯಾರ್ಥಿಗೆ ಪ್ರಬಂಧ ಬರೆಯುವ ಕೆಲಸ ಬಿದ್ದಾಗಲೇ ಅದಕ್ಕೆ ಬೇಕಾದ ಆಕರಗಳನ್ನು ತೋರಿಸುವುದು ಅವರ ಕ್ರಮ.

ಭಾರತಕ್ಕೂ ಈ ಯೋಚನೆ ಹೊಸದಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳಲ್ಲಿ ಒಂದು, ಓದುಗನ ಸಮಯ ಉಳಿಸಬೇಕೆಂಬುದು. ಹೊಸ ಓದುಗರಿಗೆ ಗ್ರಂಥಾಲಯದ ದೀಕ್ಷೆ ಕೊಡುವುದನ್ನೂ ಅವರು ಗ್ರಂಥಪಾಲಕರ ಕರ್ತವ್ಯವೆಂದೇ ಎಣಿಸಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ.

ಹಾಗಾದರೆ ಈ ಬೋಧನೆಯ ಬೆಲೆಯನ್ನು ಅಳೆಯುವುದು ಹೇಗೆ? ವರ್ಗಸಂಖ್ಯೆಯ ಬಗ್ಗೆ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಎಣಿಸುವುದು ಸುಲಭ. ಆದರೆ ವಿದ್ಯಾರ್ಥಿ ಬರೆದ ಪ್ರಬಂಧವನ್ನೇ ತೆರೆದು ನೋಡುವುದು ಹೆಚ್ಚು ಸರಿಯಾದ ಅಳತೆ. ಆತ ಎಷ್ಟು ಆಕರಗಳನ್ನು ನೋಡಿದ್ದಾನೆ, ಅವು ಒಂದನ್ನೊಂದು ಅಲ್ಲಗಳೆದಾಗ ಏನು ಮಾಡಿದ್ದಾನೆ ಎಂಬುದು ಅಲ್ಲಿ ಬಯಲಾಗುತ್ತದೆ. ನೋಟ್ಸು, ಗೈಡುಗಳಿಂದಲೇ ಪರೀಕ್ಷೆ ದಾಟಬಹುದಾದ ಕಡೆ ಎಂಥ ಒಳ್ಳೆಯ ಗ್ರಂಥಾಲಯ ಪಾಠವೂ ಬಂಡೆಯ ಮೇಲೆ ಬಿತ್ತಿದ ಬೀಜವೇ ಸರಿ.