ಲಾಭಾಂಶದ ಮೂಲ: ಕೊಪ್ಪಳ ಸೀಮೆಯ ಪತ್ತಿನ ಸಹಕಾರಿ ಷೇರುಗಳ ಕುರಿತು ಒಂದು ಟಿಪ್ಪಣಿ

ಅಮೆರಿಕದಲ್ಲಿ ‘ಬಿಸಿನೆಸ್ ಡೆವಲಪ್‌ಮೆಂಟ್ ಕಂಪನಿ’ (ಬಿಡಿಸಿ) ಎಂಬ ಹೂಡಿಕೆ ಸಂಸ್ಥೆಗಳಿವೆ. ಅಲ್ಲಿನ 1940ರ ಹೂಡಿಕೆ ಕಂಪನಿ ಕಾಯ್ದೆಗೆ 1980ರಲ್ಲಿ ಆದ ತಿದ್ದುಪಡಿ ಇವಕ್ಕೆ ದಾರಿ ಮಾಡಿತು. ಷೇರು ಹಣ ಕೂಡಿಸಿ ಸಣ್ಣ, ಮಧ್ಯಮ ಉದ್ಯಮಗಳಿಗೆ ಸಾಲ ಕೊಡುವುದು ಇವುಗಳ ಮುಖ್ಯ ಕಸುಬು. ಕಂಪನಿ ಮಟ್ಟದ ತೆರಿಗೆ ತಪ್ಪಬೇಕಾದರೆ ತೆರಿಗೆಗೆ ಒಳಪಡುವ ವರಮಾನದ ಕನಿಷ್ಠ ಶೇ 90ನ್ನು ಷೇರುದಾರರಿಗೆ ಹಂಚಬೇಕು. ಭಾರತದ ಕಾನೂನಿನಲ್ಲಿ ಈ ಹೆಸರಿನ ಸಂಸ್ಥೆ ಇಲ್ಲ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪತ್ತಿನ ಸಹಕಾರ ಸಂಘಗಳೂ ಸೌಹಾರ್ದ ಸಹಕಾರಿಗಳೂ ಇದಕ್ಕೆ ಹತ್ತಿರದ ಕೆಲಸವನ್ನೇ ಮಾಡುತ್ತವೆ: ಊರವರಿಂದ ಷೇರು ಮತ್ತು ಠೇವಣಿ ಪಡೆದು, ಊರಿನ ಅಂಗಡಿ, ಗಿರಣಿ, ಹೊಲಗಳಿಗೆ ಸಾಲ ಕೊಟ್ಟು, ವರ್ಷಕ್ಕೊಮ್ಮೆ ಲಾಭಾಂಶ ಹಂಚುತ್ತವೆ. ಈ ಲಾಭಾಂಶವನ್ನು ಅದರ ದರದಿಂದ ಅಳೆಯಬಾರದು, ಅದು ಬಂದ ಮೂಲದಿಂದ ಅಳೆಯಬೇಕು ಎಂಬುದು ಈ ಟಿಪ್ಪಣಿಯ ವಾದ.

ಹಿನ್ನೆಲೆ ಚಿಕ್ಕದು. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದು ಮುಂಬೈ ಪ್ರಾಂತ. ಕೊಪ್ಪಳ, ಯಲಬುರ್ಗಾಗಳು ಆಗ ನಿಜಾಮ್ ರಾಜ್ಯದಲ್ಲಿ ಸಾಲಾರ್ ಜಂಗ್ ಜಹಗೀರಿನ ಭಾಗ. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಸೌಹಾರ್ದ ಸಹಕಾರಿ ಕಾಯ್ದೆ 2001ರ ಜನವರಿ 1ರಿಂದ ಜಾರಿಗೆ ಬಂತು.

ಬಿಡಿಸಿಗೂ ಈ ಸಹಕಾರಿಗಳಿಗೂ ಇರುವ ಮುಖ್ಯ ವ್ಯತ್ಯಾಸ ಲಾಭ ಹಂಚಿಕೆಯಲ್ಲಿದೆ. ಬಿಡಿಸಿ ಗಳಿಸಿದ್ದರಲ್ಲಿ ಬಹುಪಾಲನ್ನು ಹಂಚಿಬಿಡುತ್ತದೆ. ಬೆಳೆಯಬೇಕಾದರೆ ಹೊಸ ಷೇರು ಹೊರಡಿಸಬೇಕು ಇಲ್ಲವೇ ಸಾಲ ಎತ್ತಬೇಕು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಪ್ರಕಾರ ನಿವ್ವಳ ಲಾಭದ ಕನಿಷ್ಠ ಶೇ 25 ಮೊದಲು ಕಾಯ್ದಿಟ್ಟ ನಿಧಿಗೆ ಹೋಗಬೇಕು. ಈ ಕಟ್ಟಳೆಯೇ ಸದಸ್ಯರಿಗೆ ದೊಡ್ಡ ಆಸರೆ. ಇನ್ನೊಂದು ವ್ಯತ್ಯಾಸ: ಬಿಡಿಸಿ ಷೇರಿನ ಬೆಲೆ ಪೇಟೆಯಲ್ಲಿ ಏರಿಳಿಯುತ್ತದೆ, ಸಹಕಾರಿ ಷೇರಿಗೆ ಪೇಟೆಯಿಲ್ಲ, ಸದಸ್ಯತ್ವ ಬಿಟ್ಟಾಗ ಸಾಮಾನ್ಯವಾಗಿ ಮುಖಬೆಲೆಯಷ್ಟೇ ಕೈಗೆ ಬರುತ್ತದೆ. ಹೀಗಾಗಿ ಸಂಘ ಸೊರಗುತ್ತಿದ್ದರೆ ಷೇರಿನ ಬೆಲೆ ಇಳಿದು ಎಚ್ಚರಿಸುವುದಿಲ್ಲ. ಸದಸ್ಯರು ಅಢಾವೆ ಪತ್ರಿಕೆಯನ್ನೇ ಓದಬೇಕು.

ಅಲ್ಲಿ ಏನನ್ನು ಓದಬೇಕು? ಒಂದು ಕಲ್ಪಿತ ಲೆಕ್ಕ ನೋಡೋಣ. ಭತ್ತದ ವ್ಯಾಪಾರಿಯೊಬ್ಬರು ಶೇ 14ರ ಬಡ್ಡಿಗೆ ₹5 ಲಕ್ಷ ಸಾಲ ಪಡೆದಿದ್ದಾರೆ. ವರ್ಷದ ಬಡ್ಡಿ ₹70,000. ಮಾರ್ಚ್ ಕೊನೆಗೆ ಅವರ ಕೈಯಲ್ಲಿ ಹಣವಿಲ್ಲ. ಸಂಘ ₹5.70 ಲಕ್ಷದ ಹೊಸ ಸಾಲ ಬರೆದು ಹಳೆಯದನ್ನು ಚುಕ್ತಾ ಮಾಡುತ್ತದೆ. ಪುಸ್ತಕದಲ್ಲಿ ₹70,000 ಬಡ್ಡಿ ಜಮೆಯಾಯಿತು, ಸಾಲ ಸುಸ್ತಿಯಾಗಲಿಲ್ಲ, ಲಾಭ ಹೆಚ್ಚಿತು. ಕೌಂಟರಿಗೆ ಮಾತ್ರ ಒಂದು ರೂಪಾಯಿಯೂ ಬಂದಿಲ್ಲ. ಆ ಲಾಭದ ಮೇಲೆ ಘೋಷಿಸಿದ ಲಾಭಾಂಶವನ್ನು ನಗದಾಗಿಯೇ ಕೊಡಬೇಕಲ್ಲ. ಅದು ಹೊಸ ಠೇವಣಿಯ ಹಣದಿಂದ ಹೋಗುತ್ತದೆ. ಬಿಡಿಸಿಗಳಲ್ಲೂ ಬಡ್ಡಿಯನ್ನು ಅಸಲಿಗೆ ಸೇರಿಸಿ ವರಮಾನವೆಂದು ತೋರಿಸುವ ಪದ್ಧತಿಯಿದೆ, ಅಲ್ಲಿನ ವಿಶ್ಲೇಷಕರು ಆ ಪಾಲು ಏರಿದರೆ ಎಚ್ಚರಗೊಳ್ಳುತ್ತಾರೆ. ನಮ್ಮಲ್ಲಿ ‘ಬರತಕ್ಕ ಬಡ್ಡಿ’ಯ ಸಾಲನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸಬೇಕು, ನವೀಕರಿಸಿದ ಸಾಲಗಳೆಷ್ಟು ಎಂದು ಸಭೆಯಲ್ಲಿ ಕೇಳಬೇಕು.

ಎರಡನೆಯ ಅಪಾಯ ಈ ಸೀಮೆಯ ನೆಲಕ್ಕೇ ಸೇರಿದ್ದು. ಅಮೆರಿಕದ ತೆರಿಗೆ ನಿಯಮ ಬಿಡಿಸಿಯ ಹಣ ಒಂದೇ ಕಂಪನಿಯಲ್ಲಿ ಕೂಡದಂತೆ ತಡೆಯುತ್ತದೆ. ಗಂಗಾವತಿಯ ಸಂಘದ ಸಾಲಗಾರರು ನೂರಾರು ಮಂದಿ ಇರಬಹುದು. ಆದರೆ ರೈತ, ಗಿರಣಿ ಮಾಲೀಕ, ಗೊಬ್ಬರದ ಅಂಗಡಿಯವರು, ಲಾರಿ ಮಾಲೀಕ ಎಲ್ಲರ ವರಮಾನವೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನೆಚ್ಚಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಆತಂಕ ಇವರೆಲ್ಲರನ್ನೂ ಒಟ್ಟಿಗೇ ತಟ್ಟಿತು. ಕುಷ್ಟಗಿ, ಯಲಬುರ್ಗಾಗಳ ಎರೆ ಹೊಲಗಳದ್ದು ಮಳೆಯ ನಂಟು. ಸಾಲಗಾರರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅಪಾಯ ಹಂಚಿಹೋಗುವುದಿಲ್ಲ. ಎರಡು ಬಗೆಯ ಬೇಸಾಯಕ್ಕೂ, ಬೇಸಾಯದ ಆಚೆಗಿನ ಕಸುಬುಗಳಿಗೂ ಸಾಲ ಹಂಚಿದ ಸಂಸ್ಥೆಯ ಲಾಭಾಂಶ ತುಸು ಕಡಿಮೆಯಿದ್ದರೂ ಹೆಚ್ಚು ಬಾಳುತ್ತದೆ.

ಭದ್ರತೆಯ ವಿಷಯದಲ್ಲೂ ಗೊಂದಲ ಬೇಡ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕಿನ ಠೇವಣಿಗೆ ₹5 ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಷೇರು ಹಣಕ್ಕೆ ಎಲ್ಲಿಯೂ ಇಲ್ಲ.

ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕೆಂಬುದು ರಾಜ್ಯದ ಸಹಕಾರ ಕಾನೂನು. ಎಷ್ಟು ಷೇರು ಇದ್ದರೂ ಸದಸ್ಯರಿಗೆ ಒಂದೇ ಮತ. ಬಿಡಿಸಿಯ ಸಣ್ಣ ಷೇರುದಾರನಿಗೆ ಸಿಗದ ಬಲ ಇದು. ಶೇಕಡಾ ಎಷ್ಟು ಲಾಭಾಂಶ ಎಂದು ಕೇಳುವ ಮೊದಲು ಎಷ್ಟು ಬಡ್ಡಿ ನಗದಾಗಿ ಬಂತು, ಕಾಯ್ದಿಟ್ಟ ನಿಧಿ ಎಷ್ಟು ಬೆಳೆಯಿತು, ಸುಸ್ತಿ ಸಾಲಕ್ಕೆ ಎಷ್ಟು ತೆಗೆದಿರಿಸಿದ್ದೀರಿ ಎಂದು ಕೇಳುವ ಸದಸ್ಯರೇ ಸಂಘವನ್ನು ಉಳಿಸಬಲ್ಲವರು.