ಅಂಬೇಡ್ಕರ್ ಜಯಂತಿ ಮತ್ತು ಮಾನವ ಹಕ್ಕುಗಳ ಆಚರಣೆ: ಕೆಜಿಎಫ್–ಬಂಗಾರಪೇಟೆ ಸೀಮೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೆಜಿಎಫ್ (ಕೋಲಾರ ಚಿನ್ನದ ಗಣಿ) ಸೀಮೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ನೆನೆಯುವ ಸಾರ್ವಜನಿಕ ಆಚರಣೆ ಏಪ್ರಿಲ್ 14ರ ಜಯಂತಿಗೆ ಮುಗಿಯುವುದಿಲ್ಲ. ಬುದ್ಧ ಪೂರ್ಣಿಮೆ, ನವೆಂಬರ್ 26ರ ಸಂವಿಧಾನ ದಿನ, ಡಿಸೆಂಬರ್ 6ರ ಪರಿನಿರ್ವಾಣ ದಿನ, ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಎಲ್ಲವೂ ಇದೇ ಸರಣಿಗೆ ಸೇರುತ್ತವೆ. ಜಯಂತಿಯ ದಿನ ಹಳ್ಳಿಗಳಲ್ಲಿ ಭಾವಚಿತ್ರಕ್ಕೆ ಹೂವಿನ ಪಲ್ಲಕ್ಕಿ, ತಮಟೆ, ಮೆರವಣಿಗೆ. ಗಣಿ ಕಾಲೊನಿಗಳಲ್ಲಿ ನೀಲಿ ಬಾವುಟ, ಧ್ವನಿವರ್ಧಕದಲ್ಲಿ ತಮಿಳು ಹಾಡು, ಮಧ್ಯಾಹ್ನ ಅನ್ನದಾನ. ಎರಡೂ ಕಡೆ ಕೂಗು ಒಂದೇ, ಜೈ ಭೀಮ್.

ಈ ಆಚರಣೆಯ ಇತಿಹಾಸ ಹೇಳುವ ಬರಹಗಳು ಸಾಮಾನ್ಯವಾಗಿ ಎರಡು ಕಡೆ ತಪ್ಪುತ್ತವೆ. ಒಂದು ಬಗೆಯವು 1954ರಲ್ಲಿ ಅಂಬೇಡ್ಕರ್ ಕೆಜಿಎಫ್‌ಗೆ ಬಂದದ್ದೇ ಎಲ್ಲದರ ಮೊದಲು ಎನ್ನುತ್ತವೆ. ಇನ್ನೊಂದು ಬಗೆಯವು ಇದನ್ನು ಸರ್ಕಾರಿ ಜಯಂತಿಗಳ ಪಟ್ಟಿಯಲ್ಲಿ ಸೇರಿಸಿ, ಸಮಾಜ ಕಲ್ಯಾಣ ಇಲಾಖೆಯ ಕಾರ್ಯಕ್ರಮವೆಂಬಂತೆ ವರ್ಣಿಸುತ್ತವೆ. ದಾಖಲೆಗಳು ಹೇಳುವ ಕಥೆ ಬೇರೆ. ಅಂಬೇಡ್ಕರ್ ಬರುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಇಲ್ಲಿನ ಗಣಿ ಕಾರ್ಮಿಕರು ಜಾತಿಯನ್ನು ಧಿಕ್ಕರಿಸುವ ಸಭೆಗಳನ್ನು ಸೇರಿಸುತ್ತಿದ್ದರು. ಸರ್ಕಾರ ಈ ಆಚರಣೆಯೊಳಗೆ ಬಂದದ್ದು ಬಹಳ ತಡವಾಗಿ.

ಗಣಿಯ ಕಥೆ ಎಲ್ಲರಿಗೂ ಗೊತ್ತಿರುವಂಥದು. 1802ರಲ್ಲಿ ಚಿನ್ನದ ಸುಳಿವು ಹುಡುಕಿದ ವಾರೆನ್, 1870ರ ದಶಕದಲ್ಲಿ ಗಣಿ ತೋಡಲು ಹೊರಟ ಲವೆಲ್, 1880ರಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್. ಈ ಲೇಖನಕ್ಕೆ ಬೇಕಾದ ಅಂಶ ಒಂದೇ: ಸುರಂಗಕ್ಕೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯಿಂದ ಬಂದ, ಊರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಆದಿದ್ರಾವಿಡರು. ಜಮೀನ್ದಾರನ ಹಂಗು ಬಿಟ್ಟು ಅವರು ಇಲ್ಲಿ ನಗದು ಕೂಲಿಗೆ ಬಂದರು. ಕೂಲಿ ಕಡಿಮೆ, ಅಪಾಯ ಹೆಚ್ಚು, ಇರಲು ಸಿಕ್ಕಿದ್ದು ಸಾಲುಸಾಲು ಲೈನ್ ಮನೆ. ಆದರೆ ಒಂದೇ ಜಾಗದಲ್ಲಿ ಸಾವಿರಾರು ಜನ ಒಟ್ಟಿಗೆ ಇದ್ದರು, ಸಂಘ ಕಟ್ಟಲು ತಲೆಗೊಂದಿಷ್ಟು ಕಾಸು ಹಾಕುವಷ್ಟು ಸಂಬಳವೂ ಕೈಗೆ ಬರುತ್ತಿತ್ತು.

ಹಾಗೆ ಕಟ್ಟಿದ ಸಂಘ ಬೌದ್ಧ ಸಂಘ. ಪಂಡಿತ ಅಯೋತಿ ದಾಸರು (1845–1914) ಸಿಂಹಳಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಅವರು ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಮುಂದೆ ‘ತಮಿಳನ್’ ಎಂದಾಯಿತು. ಅದರ ಓದುಗರು, ಚಂದಾದಾರರು, ಬರೆಯುವವರು ಗಣಿ ಪ್ರದೇಶದಲ್ಲೂ ಇದ್ದರು. ಇಲ್ಲಿನ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನಲ್ಲಿ ಸಂಘದ ಶಾಖೆಗಳು ಬೆಳೆದವು. ಎಂ.ವೈ. ಮುರುಗೇಶಂ, ಇ.ಎನ್. ಅಯ್ಯಾಕಣ್ಣು ಮೊದಲಾದವರು ಅವನ್ನು ನಡೆಸಿದರು. ಸಭೆ, ಉಪನ್ಯಾಸ, ಬೌದ್ಧ ವಿಧಿಯ ಮದುವೆ, ಬೌದ್ಧ ವಿಧಿಯ ಶವಸಂಸ್ಕಾರ ಇಲ್ಲಿ ರೂಢಿಗೆ ಬಂದವು. ಅಯೋತಿ ದಾಸರು ತೀರಿಕೊಂಡ ಮೇಲೆ ನಿಂತುಹೋದ ‘ತಮಿಳನ್’ ಪತ್ರಿಕೆಯನ್ನು ಜಿ. ಅಪ್ಪಾದುರೈ 1926ರಲ್ಲಿ ಮತ್ತೆ ಹೊರತಂದದ್ದು ಮದ್ರಾಸಿನಿಂದಲ್ಲ, ಚಾಂಪಿಯನ್ ರೀಫ್‌ನಿಂದ. ದಾಸರ ಕೃತಿಗಳನ್ನು ಅಚ್ಚು ಹಾಕಿಸಿದ ‘ಸಿದ್ಧಾರ್ಥ’ ಪುಸ್ತಕಶಾಲೆಯೂ ಇಲ್ಲಿಯದೇ.

ಈ ಅಧ್ಯಾಯ ಕನ್ನಡದ ಆಕರಗಳಲ್ಲಿ ಬಹುತೇಕ ಕಾಣುವುದಿಲ್ಲ. ಬರಹವೆಲ್ಲ ತಮಿಳಿನಲ್ಲಿದ್ದದ್ದು ಒಂದು ಕಾರಣ. ಗಣಿಯನ್ನು ಬ್ರಿಟಿಷರ ಚಿನ್ನದ ಕಥೆಯಾಗಿ ಓದುವ ಅಭ್ಯಾಸ ಇನ್ನೊಂದು. 1998ರಲ್ಲಿ ಜಿ. ಅಲೋಷಿಯಸ್ ಅವರು ತಮಿಳು ಬೌದ್ಧ ಚಳವಳಿಯ ಬಗ್ಗೆ ಬರೆದ ಅಧ್ಯಯನ ಹಾಗೂ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಜಾನಕಿ ನಾಯರ್ ಅವರ ಸಂಶೋಧನೆ ಬಂದ ಮೇಲಷ್ಟೇ ಈ ಹಿನ್ನೆಲೆ ತಿಳಿಯಾಯಿತು. ಇಲ್ಲೊಂದು ಕಾಲಗಣನೆಯನ್ನು ಗಮನಿಸಬೇಕು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಆ ಹೊತ್ತಿಗೆ ಮಾರಿಕುಪ್ಪಂನ ಕೆಲವು ಮನೆತನಗಳು ಬೌದ್ಧರಾಗಿ ಎರಡು ತಲೆಮಾರು ಕಳೆದಿದ್ದವು. ಇದೇ ದಕ್ಷಿಣ ಭಾರತದ ಬೌದ್ಧ ಬಳಗದ ಹಿರಿಯ ಪಿ. ಲಕ್ಷ್ಮೀನರಸು ಬೌದ್ಧಧರ್ಮದ ಸಾರದ ಬಗ್ಗೆ 1907ರಲ್ಲಿ ಪ್ರಕಟಿಸಿದ್ದ ಪುಸ್ತಕವನ್ನು 1948ರಲ್ಲಿ ಮರುಮುದ್ರಿಸಿ ಮುನ್ನುಡಿ ಬರೆದವರು ಸ್ವತಃ ಅಂಬೇಡ್ಕರ್.

ಕಾರ್ಮಿಕ ಸಂಘಟನೆಯ ಹಾದಿ ಈ ಬೌದ್ಧ ಚಳವಳಿಗೆ ಜೊತೆಯಾಗಿಯೂ ಕೆಲವೊಮ್ಮೆ ಎದುರಾಗಿಯೂ ಸಾಗಿತು. 1930ರಲ್ಲಿ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ಪಡೆಯುವ ನಿಯಮದ ವಿರುದ್ಧ ದೊಡ್ಡ ಮುಷ್ಕರವಾಯಿತು. ತಮ್ಮನ್ನು ಅಪರಾಧಿಗಳಂತೆ ಕಾಣಲಾಗುತ್ತಿದೆ ಎಂಬುದೇ ಅಲ್ಲಿನ ಸಿಟ್ಟು. ಹಾಗಾಗಿ ಅದನ್ನು ಕೂಲಿಯ ಜಗಳ ಅನ್ನುವುದಕ್ಕಿಂತ ಮಾನದ ಜಗಳ ಅನ್ನುವುದು ಸರಿ. ನಲವತ್ತರ ದಶಕದಲ್ಲಿ ಕೆ.ಎಸ್. ವಾಸನ್ ಮುಂತಾದ ಕಮ್ಯುನಿಸ್ಟರು ಬಲಗೊಂಡರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಎಡಪಕ್ಷಗಳು ಅದನ್ನು ಹುತಾತ್ಮರ ದಿನವಾಗಿ ಆಚರಿಸುತ್ತ ಬಂದಿವೆ. ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿ ಒಕ್ಕೂಟಕ್ಕೂ ಇದೇ ಲೈನ್ ಮನೆಗಳಲ್ಲಿ ಬೇರಿತ್ತು. ಹೀಗೆ ಒಂದೇ ಬೀದಿಯಲ್ಲಿ ಕೆಂಬಾವುಟ, ನೀಲಿ ಬಾವುಟ ಎರಡೂ ಹಾರಿದವು.

1954ರ ಜುಲೈ ಭೇಟಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೆಂಗಳೂರಿಗೆ ಬಂದಿದ್ದ ಅಂಬೇಡ್ಕರ್ ಕೆಜಿಎಫ್‌ಗೂ ಬಂದರು. ಬೌದ್ಧ ಶಿಕ್ಷಣ ಸಂಸ್ಥೆಯ ಚಿಂತನೆ ಅವರ ತಲೆಯಲ್ಲಿದ್ದ ಕಾಲವದು. ಬೆಂಗಳೂರಿನಲ್ಲಿ ಅದಕ್ಕಾಗಿ ಜಯಚಾಮರಾಜೇಂದ್ರ ಒಡೆಯರು ಐದು ಎಕರೆ ಜಾಗ ಕೊಟ್ಟರು. ಹಳೆಯ ಬೌದ್ಧ ಸಂಘಗಳಿದ್ದ ಗಣಿಯೂರಿಗೆ ಅವರು ಬಂದದ್ದು ಆಕಸ್ಮಿಕವಲ್ಲ. ಊರಿನ ನೆನಪಿನಲ್ಲಿ ಈ ದಿನ ದೊಡ್ಡದಾಗಿ ಉಳಿದಿದೆ, ಉಳಿಯಬೇಕಾದ್ದೇ. ಆದರೆ ಆ ಭೇಟಿಯಿಂದ ಇಲ್ಲೊಂದು ಚಳವಳಿ ಹುಟ್ಟಲಿಲ್ಲ. ಇದ್ದ ಚಳವಳಿಗೆ ಒಂದು ಮುಖ ಸಿಕ್ಕಿತು. ಆಮೇಲೆ ಬಾಬಾಸಾಹೇಬರ ಭಾವಚಿತ್ರ ಬುದ್ಧನ ಚಿತ್ರದ ಪಕ್ಕದಲ್ಲಿ ಮನೆಮನೆಯ ಗೋಡೆಗೆ ಬಂತು. ಜಯಂತಿಯ ರೂಢಿ ದೇಶದಲ್ಲಿ 1928ರಲ್ಲಿ ಪುಣೆಯ ಜನಾರ್ದನ ಸದಾಶಿವ ರಣಪಿಸೆ ಅವರಿಂದ ಶುರುವಾಯಿತು ಎನ್ನುತ್ತಾರೆ. ಇಲ್ಲಿ ಆ ರೂಢಿಗೆ ನೆಲ ಹದವಾಗಿಯೇ ಇತ್ತು.

ಮುಂದಿನ ದಶಕಗಳು ಚುನಾವಣೆಯ ಲೆಕ್ಕದಲ್ಲೇ ಬಹುಪಾಲು ಕಾಣುತ್ತವೆ. ಪರಿಶಿಷ್ಟ ಜಾತಿ ಒಕ್ಕೂಟದ ಉತ್ತರಾಧಿಕಾರಿಯಾದ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಕೆಜಿಎಫ್ ಶಾಸಕರಾದರು. 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ ಗೆದ್ದರು. ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ ಹಲವು ಬಾರಿ ಆರಿಸಿ ಬಂದರೆ, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಗೆದ್ದರು. ರಾಜ್ಯದ ಬೇರೆಡೆ ಹೆಚ್ಚು ನೆಲೆ ಕಾಣದ ರಿಪಬ್ಲಿಕನ್ ಪಕ್ಷ ಈ ಒಂದು ಊರಲ್ಲಿ ಇಷ್ಟು ಕಾಲ ಬಾಳಿತು.

ಬಂಗಾರಪೇಟೆಯ ಹಳ್ಳಿಗಾಡಿನ ಕಥೆ ಬೇರೆ. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ರೈಲು ಜಂಕ್ಷನ್ನಿನ ಸುತ್ತಲಿನವರು ಗಣಿ ಕೂಲಿಗಳಲ್ಲ. ಕನ್ನಡ, ತೆಲುಗು ಎರಡನ್ನೂ ಆಡುವ ರೈತಕೂಲಿಗಳು. ಇವರಿಗೆ ಅಂಬೇಡ್ಕರ್ ತಲುಪಿದ್ದು ದಲಿತ ಸಂಘರ್ಷ ಸಮಿತಿಯ (ದಸಂಸ) ಮೂಲಕ. 1973ರಲ್ಲಿ ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತು ಎಬ್ಬಿಸಿದ ಗದ್ದಲದ ನಂತರ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ರೂಪುಗೊಂಡ ದಸಂಸಕ್ಕೆ ಕೋಲಾರ ಜಿಲ್ಲೆ ಆರಂಭದಿಂದಲೂ ಗಟ್ಟಿ ನೆಲೆ. ಪಕ್ಕದ ಮಾಲೂರು ತಾಲ್ಲೂಕಿನ ಹುಣಸಿಕೋಟೆಯ ದಲಿತ ಶೇಷಗಿರಿಯಪ್ಪನವರ ಕೊಲೆಯ ವಿರುದ್ಧ ರಾಜ್ಯಮಟ್ಟದ ಹೋರಾಟ ನಡೆಯಿತು. ಜಯಂತಿಗೆ ತಮಟೆ, ಬೀದಿ ನಾಟಕ, ಹೋರಾಟದ ಹಾಡುಗಳು ಸೇರಿಕೊಂಡದ್ದು ಈ ಕಾಲದಲ್ಲಿ. ಪಿಚ್ಚಳ್ಳಿ ಶ್ರೀನಿವಾಸರಂಥ ಹಾಡುಗಾರರೂ ಕೋಟಿಗಾನಹಳ್ಳಿ ರಾಮಯ್ಯನವರಂಥ ಲೇಖಕರೂ ಈ ಜಿಲ್ಲೆಯ ಮಣ್ಣಿನವರೇ. ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆದುಬಂದ ಹುಣ್ಣಿಮೆ ಹಾಡು ಅದೇ ಪರಂಪರೆಯ ಇನ್ನೊಂದು ಕವಲು. ಹಾಡು, ಹೋರಾಟಗಳಿಗೆ ಕಾರಣವಾದ ಹಿಂಸೆ ಮಾತ್ರ ನಿಂತಿರಲಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಈ ಸೀಮೆಯ ಆಚರಣೆಯಲ್ಲಿ ‘ಮಾನವ ಹಕ್ಕು’ ಎಂಬುದು ಭಾಷಣದ ಮಾತಾಗಿದ್ದು ಕಣ್ಣೆದುರಿನ ವಿಷಯವಾದದ್ದು ಒಣ ಶೌಚಾಲಯಗಳ ಪ್ರಶ್ನೆಯಿಂದ. 1954ಕ್ಕಿಂತ ದೊಡ್ಡ ತಿರುವು ಇದು. ಸುರಂಗಕ್ಕೆ ಇಳಿಯುವ ತಮಿಳರ ಕೆಳಗೆ ಗಣಿಯೂರಿನಲ್ಲಿ ಇನ್ನೊಂದು ಪದರವಿತ್ತು. ತೆಲುಗು ಮಾತಾಡುವ ತೋಟಿಗಳು ಕಾಲೊನಿಗಳ ಮಲ ಎತ್ತುತ್ತಿದ್ದರು. ಸಂಘಗಳ ಮುಷ್ಕರದ ಬೇಡಿಕೆಗಳಲ್ಲಿ ಈ ಕೆಲಸ ತೊಲಗಬೇಕೆಂಬ ಮಾತು ಮುಂದೆ ಬರಲಿಲ್ಲ. ಅಂಥ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ತಂದೆ, ಅಣ್ಣ ಮಾಡುತ್ತಿದ್ದ ಕೆಲಸವನ್ನು ಯುವಕನಾದ ಮೇಲೆ ಕಣ್ಣಾರೆ ಕಂಡು, ಎಂಬತ್ತರ ದಶಕದ ಮಧ್ಯದಿಂದ ಅವರು ಗಣಿ ಆಡಳಿತಕ್ಕೆ ಪತ್ರ ಬರೆಯತೊಡಗಿದರು. ಶೌಚಾಲಯಗಳ ಫೋಟೊ ತೆಗೆದರು. 1993ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು, ಆದರೂ ಕೇಂದ್ರ ಸರ್ಕಾರದ ಒಡೆತನದ ಗಣಿಯ ಕಾಲೊನಿಗಳಲ್ಲೇ ಪದ್ಧತಿ ನಡೆದಿತ್ತು. ಫೋಟೊಗಳು ಪತ್ರಿಕೆಯಲ್ಲಿ ಬಂದು ಸದ್ದಾದ ಮೇಲಷ್ಟೇ ಆಡಳಿತ ಅಲುಗಾಡಿತು.

ವಿಲ್ಸನ್ ಅವರು ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್, ದಲಿತ ಹಕ್ಕುಗಳ ಹೋರಾಟಗಾರ ಪಾಲ್ ದಿವಾಕರ್ ಜೊತೆ ತೊಂಬತ್ತರ ದಶಕದ ಮಧ್ಯದಲ್ಲಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮಾರ್ಚ್ 27ರ ತೀರ್ಪು 1993ರಿಂದೀಚೆಗೆ ಒಳಚರಂಡಿ, ಮಲಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಂಬೇಡ್ಕರರ 125ನೇ ಜಯಂತಿಯ ವರ್ಷ ಆಂದೋಲನ ‘ಭೀಮ ಯಾತ್ರೆ’ ಹೊರಡಿಸಿತು. ಹೊರಟದ್ದು 2015ರ ಡಿಸೆಂಬರ್ 10ರಂದು, ಅಂದರೆ ಮಾನವ ಹಕ್ಕುಗಳ ದಿನ. 125 ದಿನಗಳ ಆ ಯಾತ್ರೆ ದೆಹಲಿಯಲ್ಲಿ ಮುಗಿದದ್ದು 2016ರ ಏಪ್ರಿಲ್ 13ರಂದು. ಅದೇ ದಿನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಮೊದಲ ಬಾರಿಗೆ ಅಂಬೇಡ್ಕರ್ ಜಯಂತಿ ನಡೆಯಿತು. ಒಂದು ಕಡೆ ಗಣ್ಯರ ಭಾಷಣ, ಇನ್ನೊಂದು ಕಡೆ ಗುಂಡಿಗಿಳಿದು ಸತ್ತವರ ಹೆಂಡತಿ ಮಕ್ಕಳು. ಆ ವರ್ಷವೇ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅಷ್ಟರಲ್ಲಿ ಗಣಿ ಮುಚ್ಚಿತ್ತು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಹಾದು ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಸಂಘಗಳ ಶಕ್ತಿ ಕುಂದಿತು. ಜಯಂತಿ ಮಾತ್ರ ಬೀದಿಬೀದಿಯ ಸಮಿತಿಗಳ ಕೈಯಲ್ಲಿ ಉಳಿಯಿತು.

ತಡವಾಗಿ ಬಂದ ಸರ್ಕಾರದ ಆಚರಣೆಗೆ ಜಿಲ್ಲಾ ಕೇಂದ್ರದಲ್ಲಿ ಒಂದು ಒಳ್ಳೆಯ ಕಾಕತಾಳೀಯವಿದೆ. ಜಯಂತಿಗಳು ನಡೆಯುವ ಕೋಲಾರದ ರಂಗಮಂದಿರಕ್ಕೆ ಟಿ. ಚನ್ನಯ್ಯನವರ ಹೆಸರು, ಮೈಸೂರು ಸಂಸ್ಥಾನದಿಂದ ಸಂವಿಧಾನ ಸಭೆಗೆ ಹೋದ ದಲಿತ ನಾಯಕ ಅವರು. ಅದೇ ಸಭೆಯಲ್ಲಿದ್ದ ಕೆ.ಸಿ. ರೆಡ್ಡಿಯವರ ಊರು ಕ್ಯಾಸಂಬಳ್ಳಿ ಕೆಜಿಎಫ್‌ನ ಪಕ್ಕದಲ್ಲೇ ಇದೆ. ಜಯಂತಿಯ ಭಾಷಣಗಳಲ್ಲಿ ಈ ಇಬ್ಬರ ಹೆಸರು ಇನ್ನಷ್ಟು ಬರಬಹುದಿತ್ತು. 2024ರ ಜನವರಿ 26ರಿಂದ ಸುಮಾರು ಒಂದು ತಿಂಗಳು ಸರ್ಕಾರದ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಹೋದವು.

ಹಳ್ಳಿಯ ಬದಲಾವಣೆ ಮಾತ್ರ ಸರ್ಕಾರದ ಜಾಥಾಕ್ಕೆ ಕಾಯಲಿಲ್ಲ. ಅದಕ್ಕೂ ಮೊದಲೇ, 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಮೆರವಣಿಗೆಯ ದೇವರ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಲಾಯಿತು. ಪ್ರಕರಣ ದಾಖಲಾಯಿತು, ಸಂಘಟನೆಗಳು ಊರಿಗೆ ಬಂದವು. ಆ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಮತ್ತು ಬುದ್ಧರ ಚಿತ್ರ ತೂಗುಹಾಕಿದರು. ಮಾರಿಕುಪ್ಪಂನಲ್ಲಿ ಬಹಳ ಹಿಂದೆ ನಡೆದದ್ದು ಉಳ್ಳೇರಹಳ್ಳಿಗೆ ಬರಲು ಶತಮಾನ ಹಿಡಿಯಿತು ಎನ್ನಬಹುದು.

ಕೋಲಾರ ಲೋಕಸಭಾ ಕ್ಷೇತ್ರವೂ ಬಂಗಾರಪೇಟೆ, ಕೆಜಿಎಫ್ ವಿಧಾನಸಭಾ ಕ್ಷೇತ್ರಗಳೂ ಈಗ ಪರಿಶಿಷ್ಟ ಜಾತಿಗೆ ಮೀಸಲು. ಹಾಗಾಗಿ ಜಯಂತಿಯ ವೇದಿಕೆಗೆ ರಾಜಕಾರಣಿಗಳ ಬೇಡಿಕೆ ಜಾಸ್ತಿ. ಆದರೆ 2014, 2018, 2019, 2023 ಮತ್ತು 2024ರಲ್ಲಿ ಏಪ್ರಿಲ್ 14 ಚುನಾವಣಾ ನೀತಿಸಂಹಿತೆಯ ಅವಧಿಯಲ್ಲೇ ಬಿತ್ತು. ಆ ಐದು ವರ್ಷ ಸರ್ಕಾರಿ ಜಯಂತಿ ಅಧಿಕಾರಿಗಳ ಮಾಲಾರ್ಪಣೆಗೆ ಸೀಮಿತವಾಯಿತು.